ಗೋಡೆ ಮುಚ್ಚುವ ಮುನ್ನ

ಜನವರಿ 9

ತಂಗಿಗೆ,

ಏನೇ ಇದ್ದರೂ ಬರೆದು ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ ಎಂದು ವಕೀಲರು ಹೇಳಿದ್ದಾರೆ. ಮನೆ ಇಬ್ಬರ ಹೆಸರಿನಲ್ಲಿದೆ, ಮುಂದೆ ಯಾರೂ ಮಾತು ಬದಲಿಸಬಾರದು, ಅದಕ್ಕೆ. ನಿನಗೂ ಇದನ್ನೇ ಹೇಳಿದ್ದಾರಂತೆ. ಹಾಗಾಗಿ ಆರು ವರ್ಷದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಸ್ನಾನದಮನೆಯ ಟೈಲ್ಸ್ ಬಗ್ಗೆ. ನಗಬೇಡ. ಅಥವಾ ನಗು, ನನಗೇನು ಕಾಣುವುದಿಲ್ಲವಲ್ಲ.

ಬಾಡಿಗೆಯವರು ಖಾಲಿ ಮಾಡಿದ ಮೇಲೆ ಹೋದ ವಾರ ಮೊದಲ ಸಲ ಒಳಗೆ ಕಾಲಿಟ್ಟೆ. ಅಮ್ಮ ಇದ್ದ ಮನೆ ಇದೇನಾ ಎಂದು ಒಂದು ಸಲ ಹೊರಗೆ ಹೋಗಿ ಬಾಗಿಲಿನ ನಂಬರು ನೋಡಿ ಬಂದೆ. ಹಾಲ್‌ನ ಒಂದೇ ಒಂದು ಗೋಡೆಗೆ ಗಾಢ ನೇರಳೆ ಬಣ್ಣ ಬಳಿದಿದ್ದಾರೆ. ಉಳಿದ ಮೂರನ್ನು ಯಾಕೆ ಬಿಟ್ಟರೋ. ಬಣ್ಣ ಸಾಲಲಿಲ್ಲವೋ, ಧೈರ್ಯ ಸಾಲಲಿಲ್ಲವೋ, ಅರ್ಧದಲ್ಲಿ ಜಗಳವಾಯಿತೋ. ಅದನ್ನೇ ನೋಡುತ್ತ ಕಾಲು ಗಂಟೆ ಕಳೆದೆ. ಸ್ನಾನದಮನೆಯ ನಲ್ಲಿ ಸೋರುತ್ತದೆ. ಅಡುಗೆಮನೆಯ ಕಟ್ಟೆಯ ಕಲ್ಲು ಉದ್ದಕ್ಕೂ ಬಿರುಕು ಬಿಟ್ಟಿದೆ.

ಬ್ರೋಕರ್ ಬಂದು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು. ಇದ್ದ ಹಾಗೇ ಮಾರಿದರೆ ಕೆಡವಿ ಕಟ್ಟುವವರು ಬರುತ್ತಾರೆ. ಅಡುಗೆಮನೆ, ಸ್ನಾನದಮನೆ ಎರಡನ್ನು ಹೊಸದಾಗಿ ಮಾಡಿಸಿದರೆ ವಾಸಕ್ಕೆ ಬೇಕಾದವರು ಬರುತ್ತಾರೆ. ವಾಸಕ್ಕೆ ಬೇಕಾದವರೇ ಬರಲಿ ಅಂತ ನನಗೆ ಆಸೆ. ನಿನ್ನ ಒಪ್ಪಿಗೆ ಬೇಕು.

ನಾನು ಇಲ್ಲೇ ಉಳಿದು ಮಾಡಿಸಬಲ್ಲೆ. ನಮ್ಮ ಕಚೇರಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿದೆ. ಹತ್ತೊಂಬತ್ತು ವರ್ಷ ಸಾಮಾನುಗಳನ್ನು ಲಾರಿಗೆ ಹತ್ತಿಸಿ ಊರೂರಿಗೆ ಕಳಿಸಿದವಳನ್ನು ಕೊನೆಗೆ ಮನೆಗೆ ಕಳಿಸಿದ್ದಾರೆ, ಸದ್ಯಕ್ಕೆ ಎಂಟು ತಿಂಗಳು.

ಕಂಟ್ರಾಕ್ಟರ್ ಒಬ್ಬರು ಸಿಕ್ಕಿದ್ದಾರೆ. ವಯಸ್ಸಾದವರು, ಅನುಭವಸ್ಥರು, ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಕೆಲಸ ಯಾವಾಗ ಶುರು ಎಂದರೆ ನಾಳೆ ಎಂದರು. ಈ ಮಾತಾಗಿ ಆರು ದಿನವಾಯಿತು, ದಿನವೂ ಅದನ್ನೇ ಅನ್ನುತ್ತಿದ್ದಾರೆ. ಮನಸ್ಸಿನಲ್ಲೇ ನಾಳೆರಾಯರು ಎಂದು ಹೆಸರಿಟ್ಟಿದ್ದೇನೆ.

ಟೈಲ್ಸ್ ಬಿಳಿಯೋ, ತಿಳಿಹಸಿರೋ? ಎರಡರ ಚೂರೂ ಈ ಲಕೋಟೆಯಲ್ಲಿದೆ.

ಅಕ್ಕ


ಜನವರಿ 21

ಪತ್ರ ತಲುಪಿತು.

ರಿಪೇರಿಗೆ ಒಪ್ಪಿಗೆ ಇದೆ. ಟೈಲ್ಸ್ ಬಿಳಿ. ಕೊಳೆ ಕಾಣುವುದಿಲ್ಲ ಎಂದು ಜನ ಹಸಿರು ಹಾಕಿಸುತ್ತಾರೆ. ಕೊಳೆ ಕಾಣಬೇಕು. ನೇರಳೆ ಗೋಡೆಗೂ ಬಿಳಿಯೇ ಇರಲಿ.

ಇಂಥ ಸಣ್ಣಪುಟ್ಟದ್ದಕ್ಕೆಲ್ಲ ಕೇಳುವ ಅಗತ್ಯವಿಲ್ಲ.

ಇತಿ,
ಇನ್ನೊಬ್ಬ ಮಾಲೀಕಳು


ಫೆಬ್ರವರಿ 8

ತಂಗಿಗೆ,

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮಾರುವ ಮನೆಯನ್ನು ರಿಪೇರಿ ಮಾಡಿಸಿರಲಿಲ್ಲ ಅಂತ ಕಾಣುತ್ತದೆ. ಕಟ್ಟುವವರಿಗೆ ತಾವು ಇರುತ್ತೇವೆ ಎಂಬ ಆಸೆಯಾದರೂ ಇರುತ್ತದೆ. ನಾನು ಮುಖವನ್ನೇ ನೋಡದ ಯಾರಿಗೋ ಸಿಂಕು ಆರಿಸುತ್ತಿದ್ದೇನೆ. ಅವರು ಎಡಗೈಯವರೋ ಬಲಗೈಯವರೋ, ಪಾತ್ರೆಯನ್ನು ಆಗಾಗ ತೊಳೆಯುವವರೋ ಗುಡ್ಡೆ ಹಾಕುವವರೋ. ಅಂಗಡಿಯಲ್ಲಿ ಸಿಂಕಿನ ಮುಂದೆ ನಿಂತು ಅವರನ್ನು ಊಹಿಸಿಕೊಳ್ಳುತ್ತೇನೆ. ಮಾರುವವನು ಆಗಲೇ ಎರಡು ಸಲ ಬಂದು ಏನಾದರೂ ಬೇಕಿತ್ತಾ ಎಂದು ಕೇಳಿದ್ದಾನೆ.

ನಾಳೆರಾಯರು ಒಂದು ಬೆಳಗ್ಗೆ ನಿಜವಾಗಿಯೂ ಬಂದರು. ಮೂವರನ್ನು ಕರೆತಂದು ಮಧ್ಯಾಹ್ನದ ಒಳಗೆ ಅಡುಗೆಮನೆಯ ನೆಲ, ಕಟ್ಟೆ, ಸ್ನಾನದಮನೆ ಎಲ್ಲವನ್ನೂ ಒಡೆದು ಹಾಕಿದರು. ಆಮೇಲೆ ಹನ್ನೆರಡು ದಿನ ನಾಪತ್ತೆ. ಮರಳಿ ಬಂದಾಗ ಕೇಳಿದೆ, ಮುಂದುವರಿಸುವ ಹಾಗಿಲ್ಲದಿದ್ದರೆ ಒಡೆದದ್ದಾದರೂ ಯಾಕೆ ಎಂದು. ಆತನಿಗೆ ಸಂಕೋಚವೇ ಆಗಲಿಲ್ಲ.

“ಒಡ್ದಿಟ್ರೆ ನೀವು ಬೇರೆಯವ್ರನ್ನ ಕರೆಯಲ್ಲ ನೋಡಿ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕಿ ಇಳಿದು ಹೋಗಲ್ವಾ, ಹಾಗೆ. ನಾಲ್ಕು ಮನೇಲಿ ನನ್ನ ಕರ್ಚೀಫಿದೆ.”

ಬೈಯಬೇಕೆಂದು ಕಾದಿದ್ದವಳಿಗೆ ನಗು ಬಂತು. ಅಷ್ಟು ಪ್ರಾಮಾಣಿಕವಾಗಿ ಯಾರೂ ನನಗೆ ಮೋಸ ಮಾಡಿರಲಿಲ್ಲ.

ಅಡುಗೆಮನೆಯ ಒಡೆದ ನೆಲದಲ್ಲಿ ಮೂರು ನೆಲಗಳಿವೆ. ಮೇಲೆ ನಮಗೆ ಗೊತ್ತಿದ್ದ ಚುಕ್ಕಿಯ ಟೈಲ್ಸ್, ಕೆಳಗೆ ಕೆಂಪು ಗಾರೆ, ಅದರ ಕೆಳಗೆ ಬೂದುಬಣ್ಣದ ಕಲ್ಲು. ಅಮ್ಮ ಕೊಳ್ಳುವುದಕ್ಕೆ ಮುಂಚೆ ಇಲ್ಲಿ ಯಾರಿದ್ದರು ಎಂದು ನಾವು ಯಾವತ್ತಾದರೂ ಕೇಳಿದ್ದೆವಾ? ಆ ಕಲ್ಲಿನ ಮೇಲೆ ಯಾರ ಕಾಲು ಸವೆದಿತ್ತೋ.

ಪ್ಲಂಬರ್‌ಗೂ ಗಾರೆಯವನಿಗೂ ಎತ್ತು ಏರಿಗೆ, ಕೋಣ ನೀರಿಗೆ. ನೀರು ಹರಿಯದಿದ್ದರೆ ನೆಲ ಡೊಂಕು ಎಂದು ಇವನು, ಪೈಪು ಡೊಂಕು ಎಂದು ಅವನು. ನಾನು ನಿಂಬೆಹಣ್ಣು ಉರುಳಿಸಿ ನೋಡಿದೆ. ಕುಣಿಯಲಾರದವರ ಮಾತಲ್ಲ, ನೆಲ ನಿಜಕ್ಕೂ ಡೊಂಕೇ.

ಈಗ ನಿನ್ನ ಅಭಿಪ್ರಾಯ ಬೇಕಾಗಿರುವುದು: ಸಿಂಕು ಒಂದು ಗುಂಡಿಯದೋ ಎರಡರದೋ? ಹೊಗೆಗೆ ಚಿಮಣಿಯೋ, ಬರೀ ಫ್ಯಾನೋ? ಫ್ರಿಜ್ ಒಂದು ಬಾಗಿಲಿನದೋ, ಎರಡು ಬಾಗಿಲಿನದೋ?

ಅಕ್ಕ


ಫೆಬ್ರವರಿ 20

ಮಾರುವ ಮನೆಯಲ್ಲಿ ಯಾರೂ ಫ್ರಿಜ್ ಇಟ್ಟು ಕೊಡುವುದಿಲ್ಲ. ನಿನಗೂ ಅದು ಗೊತ್ತು.

ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷಿಸುತ್ತೇನೆ. ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ ಎಂದು ಒಬ್ಬೊಬ್ಬರನ್ನೂ ಹತ್ತು ಸಲ ಕೇಳುತ್ತೇನೆ. ಒಮ್ಮೊಮ್ಮೆ ಅದೇ ಗಾಜನ್ನೇ ಎರಡು ಸಲ ಇಟ್ಟು ಕೇಳುವುದೂ ಉಂಟು, ಕಂಡದ್ದನ್ನು ಹೇಳುತ್ತಿದ್ದಾರೋ ನನ್ನನ್ನು ಮೆಚ್ಚಿಸಲು ಹೇಳುತ್ತಿದ್ದಾರೋ ತಿಳಿಯಲು. ಆದ್ದರಿಂದ ಉತ್ತರ ಬೇಕಾಗಿ ಕೇಳುವ ಪ್ರಶ್ನೆ ಯಾವುದು, ಬೇರೆ ಏನೋ ಬೇಕಾಗಿ ಕೇಳುವ ಪ್ರಶ್ನೆ ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಸಿಂಕು ಒಂದೇ ಗುಂಡಿ, ಆಳವಾಗಿರಲಿ. ಫ್ಯಾನ್ ಸಾಕು.

ಅಡುಗೆಮನೆ ಒಡೆದಿದೆ, ಸ್ನಾನದಮನೆ ಒಡೆದಿದೆ ಎನ್ನುತ್ತೀಯ. ನೀನು ಎಲ್ಲಿ ಮಲಗುತ್ತೀಯ?

ಇತಿ,
ಇನ್ನೊಬ್ಬ ಮಾಲೀಕಳು


ಮಾರ್ಚ್ 4

ತಂಗಿಗೆ,

ಹಾಲ್‌ನಲ್ಲಿ, ನೇರಳೆ ಗೋಡೆಯ ಪಕ್ಕದಲ್ಲಿ, ಮಡಿಸುವ ಮಂಚದ ಮೇಲೆ. ಸ್ನಾನಕ್ಕೆ ಎದುರುಮನೆಯ ಹೊಲಿಗೆಯಾಕೆ ಬಿಟ್ಟುಕೊಡುತ್ತಾರೆ. ಊಟ ಹೊರಗೆ. ಮೈಯೆಲ್ಲ ಸಿಮೆಂಟಿನ ಧೂಳು, ಆದರೆ ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಕೇಳಿದ್ದಕ್ಕೆ ಸಂತೋಷವಾಯಿತು. ಆ ಒಂದು ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಫ್ರಿಜ್ ವಿಷಯದಲ್ಲಿ ಸಿಕ್ಕಿಬಿದ್ದೆ. ನಿಜ ಹೇಳುತ್ತೇನೆ. ಈ ಮನೆ ಮಾರಿಹೋದ ದಿನ ನಿನಗೆ ಬರೆಯಲು ನನಗೆ ನೆಪವೇ ಉಳಿಯುವುದಿಲ್ಲ. ನೀನು ಉತ್ತರಿಸಲೇಬೇಕೆಂಬ ಕಟ್ಟುಪಾಡೂ ಇರುವುದಿಲ್ಲ. ನಾಳೆರಾಯರು ತಡ ಮಾಡಿದಾಗಲೆಲ್ಲ ಬಾಯಲ್ಲಿ ಬೈಯುತ್ತೇನೆ, ಒಳಗೊಳಗೇ ಇನ್ನೊಂದು ವಾರ ಸಿಕ್ಕಿತು ಎಂದುಕೊಳ್ಳುತ್ತೇನೆ. ಇಷ್ಟು ಹೇಳಿದ ಮೇಲೆ ನೀನು ಬರೆಯುವುದನ್ನು ನಿಲ್ಲಿಸಿದರೂ ನಿಲ್ಲಿಸಬಹುದು. ಆದರೂ ಹೇಳಿದ್ದೇನೆ.

ಈಗ ಒಂದು ನಿಜವಾದ ಪ್ರಶ್ನೆ, ಗಾಜು ಬದಲಾಯಿಸಿಯೇ ಕೇಳುತ್ತಿದ್ದೇನೆ. ವೈರಿಂಗ್ ಮಾಡುವವರು ಒಲೆ ಬರುವ ಕಡೆಯ ಗೋಡೆಯನ್ನು ಕೊರೆದು ನಿಲ್ಲಿಸಿದ್ದಾರೆ. ಇಂಡಕ್ಷನ್ ಒಲೆಯಾದರೆ ಬೇರೆ ದಪ್ಪ ವೈರು ಎಳೆದು ದೊಡ್ಡ ಪಾಯಿಂಟ್ ಕೊಡಬೇಕು. ಗ್ಯಾಸ್ ಆದರೆ ಪೈಪಿಗೆ ತೂತು ಕೊರೆದು, ಪಾಯಿಂಟನ್ನು ದೂರ ಸರಿಸಬೇಕು. ಗೋಡೆ ಮುಚ್ಚುವ ಮುನ್ನ ಹೇಳಬೇಕಂತೆ. ಮುಚ್ಚಿ, ಟೈಲ್ಸ್ ಅಂಟಿಸಿದ ಮೇಲೆ ಮನಸ್ಸು ಬದಲಾಯಿಸಿದರೆ ಮತ್ತೆ ಒಡೆಯಬೇಕು. ಇಂಡಕ್ಷನ್ ಇದ್ದರೆ ಮನೆ ಬೇಗ ಹೋಗುತ್ತದೆ, ನೋಡಲು ನೀಟಾಗಿರುತ್ತದೆ ಎಂದು ಬ್ರೋಕರ್ ಹೇಳುತ್ತಾರೆ. ನಾಳೆರಾಯರಿಗೆ ಗ್ಯಾಸೇ ಸರಿ ಅನ್ನಿಸುತ್ತದೆ. ನನಗೆ ತಿಳಿಯದು. ಆ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಅಮ್ಮನ ಜೊತೆ ಓಡಾಡಿದವಳು ನೀನು.

ಯಾವುದು?

ಅಕ್ಕ


ಮಾರ್ಚ್ 30

ತಂಗಿಗೆ,

ಮೂರೂವರೆ ವಾರವಾಯಿತು. ಹಿಂದಿನ ಪತ್ರ ತಲುಪಿರಬೇಕು, ಅಂಚೆಯ ರಸೀದಿ ನನ್ನ ಹತ್ತಿರ ಇದೆ.

ಗೋಡೆ ಇನ್ನೂ ತೆರೆದೇ ಇದೆ. ಒಳಗಿನಿಂದ ಮೂರು ವೈರುಗಳು ತುದಿಗೆ ಟೇಪು ಸುತ್ತಿಸಿಕೊಂಡು ಇಣುಕುತ್ತಿವೆ. ಅಡುಗೆಮನೆಯ ಬಿಳಿ ಟೈಲ್ಸ್ ಪೆಟ್ಟಿಗೆಯಲ್ಲೇ ಇವೆ. ಕಟ್ಟೆಯ ಕಲ್ಲು ಬಂದು ಬಾಗಿಲಿಗೆ ಒರಗಿ ನಿಂತಿದೆ. ಸ್ನಾನದಮನೆ ಮುಗಿಯಿತು, ಬಣ್ಣವೂ ಮುಗಿಯಿತು. ನಾಳೆರಾಯರು ಈಗ ದಿನವೂ ಬಂದು ಕೇಳುತ್ತಾರೆ. ಹೌದು, ಕಾಲ ಹೇಗೆ ತಿರುಗುತ್ತದೆ ನೋಡು, ಈಗ ಅವರು ಬರುತ್ತಾರೆ, ನಾನು ನಾಳೆ ಎನ್ನುತ್ತೇನೆ.

ಇಂಥ ಚಿಕ್ಕ ವಿಷಯಕ್ಕೆ ನೀವೊಬ್ಬರೇ ತೀರ್ಮಾನಿಸಿದರೂ ಅಡ್ಡಿಯಿಲ್ಲ ಎಂದು ವಕೀಲರು ಹೇಳಿದರು. ನನಗೆ ಹಾಗೆ ಮಾಡುವುದು ಇಷ್ಟವಿಲ್ಲ. ಯಾಕೆ ಇಷ್ಟವಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ತೀರ್ಮಾನ ಮಾಡುವುದು ನನಗೆ ಯಾವತ್ತೂ ಕಷ್ಟವಾಗಿದ್ದಿಲ್ಲ. ನಾಳೆರಾಯರು ನಿನ್ನೆ ಇಟ್ಟಿಗೆಯ ರಾಶಿಯ ಮೇಲೆ ಕೂತು ಚಹಾ ಕುಡಿಯುತ್ತ ನನ್ನನ್ನೇ ನೋಡಿದರು.

“ಮಗಳಿಗೆ ಗಂಡು ನೋಡೋಕೂ ಇಷ್ಟು ದಿನ ಬೇಕಾಗಲ್ಲ, ಒಲೆಗೆ ಇಷ್ಟಾ? ನೀವೂ ನನ್ನ ಥರಾನೇ ಬಿಡಮ್ಮ. ಒಡ್ದಿಟ್ಟು ಯಾರನ್ನೋ ಹಿಡ್ಕೊಂಡಿದೀರ.”

ನಾನು ಎದ್ದು ಹೋಗಿ ಟೈಲ್ಸ್ ಪೆಟ್ಟಿಗೆಗಳನ್ನು ಎಣಿಸಿದೆ.

ಈ ಆರು ವರ್ಷವೂ ನಾನು ಒಂದು ಕಾರಣ ಅಂದುಕೊಂಡಿದ್ದೆ. ಅಮ್ಮ ಹೋದ ವಾರವೇ ಮನೆ ಮಾರುವ ಮಾತೆತ್ತಿದೆ, ಅದಕ್ಕೆ ನಿನಗೆ ನನ್ನ ಮುಖ ಬೇಡವಾಯಿತು ಎಂದು. ಆದರೆ ಈಗ ಮಾರಲು ನೀನೇ ಒಪ್ಪಿದ್ದೀಯ, ಕೋಪವಿಲ್ಲದೆ ಬಣ್ಣ ಆರಿಸುತ್ತೀಯ, ಸಿಂಕಿನ ಆಳ ಹೇಳುತ್ತೀಯ. ಒಲೆ ಎಂದ ಕೂಡಲೇ ಸುಮ್ಮನಾದೆ. ನಾನು ತಪ್ಪು ಕಾರಣವನ್ನು ಹಿಡಿದುಕೊಂಡು ಕೂತಿದ್ದೆನಾ?

ಅಕ್ಕ


ಏಪ್ರಿಲ್ 22

ಅಕ್ಕ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯದೆ ಕಳಿಸುತ್ತೇನೆ.

ಅಮ್ಮನಿಗೆ ಮರೆವು ಶುರುವಾದ ಎರಡನೆಯ ವರ್ಷ. ನಾನು ಸಂಜೆ ಕೆಲಸದಿಂದ ಬಂದಾಗ ಗ್ಯಾಸಿನ ವಾಸನೆ ಬಾಗಿಲಿನಾಚೆಯೇ ಹೊಡೆಯಿತು. ಒಲೆ ತಿರುಗಿಸಿದ್ದಾಳೆ, ಹಚ್ಚಿಲ್ಲ. ಅಮ್ಮ ಕಿಟಕಿಯ ಹತ್ತಿರ ಕೂತು ಪೇಪರ್ ಓದುತ್ತಿದ್ದಳು. ಕಿಟಕಿ ತೆರೆದಿದ್ದರಿಂದ ಉಳಿದಳು. ಅವತ್ತು ನಿನಗೆ ಫೋನ್ ಮಾಡಿ ಅತ್ತೆ. ನನಗೆ ಆಗುತ್ತಿಲ್ಲ ಅಕ್ಕ, ಏನಾದರೂ ಮಾಡು ಎಂದೆ. ನೀನು ಮಾಡಿದೆ.

ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಒಲೆಯ ಕಂಪನಿಯವರು ಬಂದರಂತೆ. ನಾನು ಅಂಗಡಿಯಲ್ಲಿದ್ದೆ. ಅಮ್ಮನೇ ಬಾಗಿಲು ತೆಗೆದಿದ್ದಾಳೆ. ಹಳೆಯ ಒಲೆ, ಸಿಲಿಂಡರ್, ಪೈಪು ಎಲ್ಲ ಬಿಚ್ಚಿ ತೆಗೆದುಕೊಂಡು ಹೋಗಿ, ಇಂಡಕ್ಷನ್ ಒಲೆ ಕೂರಿಸಿ, ಕೈಪಿಡಿಯನ್ನು ಅಮ್ಮನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ. ನಾನು ಬಂದಾಗ ಅಮ್ಮ ಆ ಕಪ್ಪು ಗಾಜಿನ ಮುಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಬೆಂಕಿ ಎಲ್ಲೇ?” ಅಂದಳು.

ಅವಳ ಅಲ್ಯೂಮಿನಿಯಂ ಪಾತ್ರೆ ಒಂದೂ ಅದರ ಮೇಲೆ ಕಾಯಲಿಲ್ಲ. ಹೊಸದು ತಂದೆ. ಗುಂಡಿ ಒತ್ತುವುದನ್ನು ಎರಡು ವಾರ ಹೇಳಿಕೊಟ್ಟೆ. ಬೆಂಕಿ ಕಾಣದಿದ್ದರೆ ಉರಿಯುತ್ತಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು ಎಂದಳು. ಆಮೇಲೆ ಅದರ ಮೇಲೆ ಬಟ್ಟೆ ಹಾಸಿ ಔಷಧಿಯ ಡಬ್ಬ ಇಟ್ಟಳು. ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ಸಂಪರ್ಕ ಕೊಟ್ಟವಳು, ತನ್ನ ಮನೆಯಲ್ಲಿ ಒಂದು ಲೋಟ ಚಹಾ ಬೇಕಾದರೆ ಸಂಜೆ ಆರರವರೆಗೆ ನನಗೆ ಕಾಯುತ್ತಿದ್ದಳು.

ಅಪಾಯ ನಿಜವಾಗಿತ್ತು. ನೀನು ಮಾಡಿದ್ದು ತಪ್ಪೆಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಬಹುಶಃ ನಾನೂ ಕೊನೆಗೆ ಅದನ್ನೇ ಮಾಡುತ್ತಿದ್ದೆ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನೀನೇ ಬರಬಹುದಿತ್ತು. ನೀನು ಕಳಿಸಿದೆ. ಅವತ್ತು ಸಂಜೆ ಫೋನ್ ಮಾಡಿ ನೀನು ಕೇಳಿದ ಮೊದಲ ಮಾತು ನನಗೆ ನೆನಪಿದೆ. “ತಲುಪಿತಾ?” ಅಂದೆ.

ಅಮ್ಮ ಇರುವಷ್ಟು ದಿನ ನಿನ್ನ ಜೊತೆ ಮಾತಾಡಿದೆ, ಅವಳಿಗಾಗಿ. ಆಮೇಲೆ ಸಾಕಾಯಿತು.

ಗೋಡೆಗೆ ಎರಡನ್ನೂ ಹಾಕಿಸು. ದಪ್ಪ ವೈರೂ ಎಳೆಸು, ಪೈಪಿಗೆ ತೂತೂ ಕೊರೆಸು. ಅಡುಗೆ ಮಾಡುವವರು ಆರಿಸಿಕೊಳ್ಳಲಿ.

ತಂಗಿ


ಮೇ 6

ತಂಗಿಗೆ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಕೂಡಲೇ ಉತ್ತರ ಬರೆಯಬಾರದು ಎಂದು ಕಾದೆ. ಕೂಡಲೇ ಏನಾದರೂ ಮಾಡಿಬಿಡುವುದೇ ನನ್ನ ರೋಗ ಎಂದು ಈಗ ಗೊತ್ತಾಗಿದೆಯಲ್ಲ.

ಆ ಫೋನು ನನಗೂ ನೆನಪಿದೆ, ಆದರೆ ಬೇರೆ ರೀತಿಯಲ್ಲಿ. ನನ್ನ ನೆನಪಿನಲ್ಲಿ ನಾನು ಒಳ್ಳೆಯವಳು. ತಂಗಿ ಅತ್ತಳು, ಅಕ್ಕ ಮೂರೇ ದಿನದಲ್ಲಿ ಸರಿಮಾಡಿದಳು. ಯಾವ ಒಲೆ ಸುರಕ್ಷಿತ ಎಂದು ಆರು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿದ್ದೆ. ತಾನಾಗಿಯೇ ಆರುತ್ತದಾ, ಕೈ ಸುಡುತ್ತದಾ ಎಂದು ಕೇಳಿದ್ದೆ. ಹಳೆಯದನ್ನು ಅವತ್ತೇ ತೆಗೆದುಕೊಂಡು ಹೋಗಬೇಕು ಎಂದು ಒತ್ತಿ ಹೇಳಿದ್ದೂ ನಾನೇ. ಕಚೇರಿಯಲ್ಲಿ ಪಕ್ಕದವಳಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅಷ್ಟು ಜನರನ್ನು ಅಷ್ಟೊಂದು ಕೇಳಿದವಳು ಆ ಮನೆಯಲ್ಲಿದ್ದ ಇಬ್ಬರನ್ನು ಮಾತ್ರ ಏನೂ ಕೇಳಲಿಲ್ಲ.

ನಾನೇ ಬರಬಹುದಿತ್ತು ಎಂದು ಬರೆದಿದ್ದೀಯ. ಬರಬಹುದಿತ್ತು. ರಜೆ ಇತ್ತು. ಬಂದರೆ ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಬೇಕಿತ್ತು. ಒಲೆ ಕಳಿಸುವುದು ಸುಲಭವಾಗಿತ್ತು. ಇದಕ್ಕಿಂತ ಒಳ್ಳೆಯ ಕಾರಣ ಇದೆಯಾ ಎಂದು ಒಂಬತ್ತು ದಿನ ಹುಡುಕಿದೆ, ಸಿಗಲಿಲ್ಲ.

ನಾಳೆರಾಯರಿಗೆ ಎರಡನ್ನೂ ಹಾಕಿ ಎಂದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಎಂದು ಗೊಣಗಿದರು. ಇಷ್ಟು ವರ್ಷದಲ್ಲಿ ಕೊಳ್ಳುವವರು ಆರಿಸಿಕೊಳ್ಳಲಿ ಎಂದು ಯಾರೂ ಗೋಡೆಯನ್ನು ಹೀಗೆ ಮಾಡಿಸಿಲ್ಲವಂತೆ. ಆದರೆ ಮಾಡಿದರು, ಒಂದೇ ದಿನದಲ್ಲಿ, ತಾವೇ ನಿಂತು. ಪೈಪಿನ ತೂತಿಗೆ ಬಿಳಿ ಮುಚ್ಚಳ, ಪಕ್ಕದಲ್ಲಿ ದೊಡ್ಡ ಪಾಯಿಂಟ್. ನಿನ್ನೆ ಗೋಡೆ ಮುಚ್ಚಿದರು.

ಕ್ಷಮಿಸು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಅದೂ ಕಳಿಸಿಬಿಡುವ ಒಂದು ಸಾಮಾನಿನ ಹಾಗೆ ಕಂಡಿತು.

ಅಕ್ಕ


ಜುಲೈ 1

ತಂಗಿಗೆ,

ಕೊಳ್ಳುವವರು ಸಿಕ್ಕಿದ್ದಾರೆ. ಐದು ತಿಂಗಳಿನಿಂದ ಊಹಿಸಿಕೊಂಡವರಲ್ಲಿ ಯಾರೂ ಅಲ್ಲ.

ಒಬ್ಬ ನರ್ಸು, ಅವಳ ತಂದೆ. ಆಕೆಗೆ ಮೂವತ್ತೈದಿರಬಹುದು. ಆತ ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ, ಈಗ ಕೈ ನಡುಗುತ್ತದೆ. ಮನೆ ನೋಡಲು ಮೂರು ಸಲ ಬಂದರು. ಮೊದಲ ಸಲ ಬಾಗಿಲು, ಕಿಟಕಿ ತೆರೆದು ಹಾಕಿ ಸದ್ದು ಕೇಳಿದರು. ಎರಡನೆಯ ಸಲ ಸಿಂಕಿಗೆ ನೀರು ಬಿಟ್ಟು ಹೋಗುವವರೆಗೆ ನೋಡಿದರು. ನೀರು ಸರಾಗವಾಗಿ ಹೋಯಿತು, ನಾಳೆರಾಯರು ಬಾಗಿಲ ಬಳಿ ಎದೆಯುಬ್ಬಿಸಿ ನಿಂತಿದ್ದರು. ಮೂರನೆಯ ಸಲ ಮಗಳು ಆ ಬಿಳಿ ಮುಚ್ಚಳದ ಮೇಲೆ ಬೆರಳಿಟ್ಟು ಇದೇನು ಎಂದಳು. ಹೇಳಿದೆ. ಅವಳು ತಂದೆಯ ಕಡೆ ತಿರುಗಿದಳು.

“ಅಪ್ಪ, ನಿಂಗೆ ಯಾವ್ದಪ್ಪ?”

“ಎರಡೂ ಇರ್ಲಿ ಬಿಡು. ಬೆಳಗ್ಗೆ ನಿಂಗೆ ಅವಸರ. ಆಮೇಲೆ ನಂಗೇನು ಅವಸರ?”

ನಾನು ಟೈಲ್ಸ್ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದೆ. ಎಷ್ಟು ಚಿಕ್ಕ ಪ್ರಶ್ನೆ. ಕೇಳಲು ಆಕೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕರಾರು ಪತ್ರದ ನಕಲು ಇದರ ಜೊತೆಗಿದೆ. ನಿನಗೆ ಒಪ್ಪಿಗೆಯಾದರೆ ನೋಂದಣಿ ಜುಲೈ 29ಕ್ಕೆ. ನೀನು ಬರಬಹುದು, ಇಲ್ಲವಾದರೆ ಅಧಿಕಾರಪತ್ರ ಕಳಿಸಿದರೆ ನಿನ್ನ ಪರವಾಗಿ ವಕೀಲರು ಸಹಿ ಹಾಕುತ್ತಾರೆ. ಬಾ ಎಂದು ಒತ್ತಾಯಿಸುವುದಿಲ್ಲ. ಬರಬೇಕೆಂಬ ಆಸೆ ಇಲ್ಲ ಎಂದೂ ಹೇಳುವುದಿಲ್ಲ.

ಅಕ್ಕ


ಜುಲೈ 12

ಅಕ್ಕ,

ಒಪ್ಪಿಗೆ ಇದೆ. ಅಧಿಕಾರಪತ್ರ ಜೊತೆಗಿದೆ, ಎರಡು ಕಡೆ ಸಹಿ ಹಾಕಿದ್ದೇನೆ.

ಬರುವುದಿಲ್ಲ. ಆ ಅಡುಗೆಮನೆ ಈಗ ಬೇರೆಯವರದು, ಅವರದಾಗಿಯೇ ಇರಲಿ. ನಾನು ನೋಡಿದರೆ ಮತ್ತೆ ಹಳೆಯದೇ ಕಾಣುತ್ತದೆ.

ಗಡಿಯಾರದವರ ಕೈ ನಡುಗುತ್ತದೆ ಎಂದು ಬರೆದಿದ್ದೀಯ. ಗ್ಯಾಸಿನ ಒಲೆಯೇ ಹಾಕಿಸಿದರೆ ತಾನೇ ಆರುವಂಥದ್ದು ತರಲು ಮಗಳಿಗೆ ಹೇಳು. ಹೇಳು ಅಷ್ಟೇ. ತಂದು ಕೊಡಬೇಡ.

ತಂಗಿ


ಆಗಸ್ಟ್ 4

ತಂಗಿಗೆ,

ಮನೆ ಮಾರಾಟವಾಯಿತು. ಬೀಗದ ಕೈಗಳನ್ನು ಕೊಟ್ಟೆ. ಹೇಳಿದೆ ಅಷ್ಟೇ, ತಂದು ಕೊಡಲಿಲ್ಲ. ಆಕೆ ತಲೆಯಾಡಿಸಿ ಬರೆದುಕೊಂಡಳು. ನಿನ್ನ ಪಾಲಿನ ಕಾಗದಗಳನ್ನು ವಕೀಲರು ಬೇರೆಯಾಗಿ ಕಳಿಸುತ್ತಾರೆ. ಹಾಗಾಗಿ ಈ ಪತ್ರದಲ್ಲಿ ಮನೆಯ ವಿಷಯ ಯಾವುದೂ ಇಲ್ಲ. ನೀನು ಉತ್ತರ ಕೊಡಲೇಬೇಕಾದದ್ದೂ ಏನಿಲ್ಲ. ಇದು ತಿಳಿದೇ ಬರೆಯುತ್ತಿದ್ದೇನೆ.

ನನ್ನ ಊರಿಗೆ ಮರಳಿದ್ದೇನೆ. ಮುಂದಿನ ತಿಂಗಳು ಹೊಸ ಕಂಪನಿಯಲ್ಲಿ ಅದೇ ಕುರ್ಚಿ. ಮೇಜಿನ ಮೇಲೆ ನಿನ್ನ ಏಪ್ರಿಲ್ ಪತ್ರ ಇದೆ. ಅದರಲ್ಲಿ ಒಂದು ಸಾಲನ್ನು ದಾಟಿ ಮುಂದೆ ಹೋಗಲು ಆಗುತ್ತಿಲ್ಲ. ಸಂಜೆ ಆರರವರೆಗೆ ನಿನಗೆ ಕಾಯುತ್ತಿದ್ದಳು ಎಂದು ಬರೆದಿದ್ದೀಯ. ಒಲೆ ಬದಲಾದ ಮೇಲೆ ಅಮ್ಮ ಹದಿನಾರು ತಿಂಗಳು ಇದ್ದಳು. ಭಾನುವಾರದ ಫೋನು ಬಿಟ್ಟರೆ ಆ ಹದಿನಾರು ತಿಂಗಳ ಬಗ್ಗೆ ನನಗೆ ಗೊತ್ತಿರುವುದು ಔಷಧಿಯ ಹೆಸರುಗಳು, ಆಸ್ಪತ್ರೆಯ ತಾರೀಖುಗಳು. ಎಲ್ಲವೂ ನಾನು ಕಳಿಸಿದವು, ನನಗೆ ಕಳಿಸಿದವು.

ಅಮ್ಮನ ಆ ದಿನಗಳು ಹೇಗಿದ್ದವು? ಯಾವುದಾದರೂ ಒಂದು ದಿನ, ನಿನಗೆ ನೆನಪಿರುವುದು. ನನ್ನನ್ನು ಸಮಾಧಾನ ಮಾಡುವಂಥದ್ದೇ ಆಗಬೇಕಿಲ್ಲ.

ಅಕ್ಕ


ಆಗಸ್ಟ್ 25

ಅಕ್ಕ,

ಇದನ್ನು ನೀನು ಕೇಳುತ್ತೀಯ ಎಂದು ಆರು ವರ್ಷ ಕಾದಿದ್ದೆನೋ, ಕೇಳದಿರಲಿ ಎಂದು ಕಾದಿದ್ದೆನೋ ಗೊತ್ತಿಲ್ಲ.

ಒಂದು ಗುರುವಾರ. ನನಗೆ ಜ್ವರ, ರಜೆ ಹಾಕಿ ಮಲಗಿದ್ದೆ. ಮಧ್ಯಾಹ್ನ ಅಮ್ಮ ಬಂದು ಮಂಚದ ಅಂಚಿಗೆ ಕೂತಳು. ಹಣೆ ಮುಟ್ಟಿ ನೋಡಿದಳು. ಯಾವಾಗ ಬಂದೆ, ಪ್ರಯಾಣದಲ್ಲಿ ನಿದ್ದೆ ಬಂತಾ ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಅವಳು ನನ್ನನ್ನು ನೀನು ಅಂದುಕೊಂಡಿದ್ದಳು. ತಿದ್ದಬಹುದಿತ್ತು. ಜ್ವರವಿತ್ತು, ಅವಳ ಕೈ ತಣ್ಣಗಿತ್ತು, ತಿದ್ದಲಿಲ್ಲ.

ತುಂಬ ಹೊತ್ತು ಮಾತಾಡಿದಳು. ಟೆಲಿಫೋನ್ ಆಫೀಸಿನಲ್ಲಿ ಒಂದು ಸಲ ಇಬ್ಬರು ಪ್ರೇಮಿಗಳ ಲೈನು ತಪ್ಪಿ ಒಬ್ಬ ಪೊಲೀಸಿಗೆ ಸೇರಿಸಿದ್ದು, ಅವನು ಹತ್ತು ನಿಮಿಷ ತಾಳ್ಮೆಯಿಂದ ಕೇಳಿ ಮದುವೆ ಆಗಿಬಿಡಮ್ಮ ಎಂದು ಬುದ್ಧಿ ಹೇಳಿದ್ದು. ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ನನ್ನ ಬಗ್ಗೆಯೇ ನನಗೆ ದೂರು ಹೇಳಿದಳು.

“ನಿನ್ ತಂಗಿ ಪಾಪ ಒಳ್ಳೆಯವ್ಳೇ. ಆದ್ರೆ ನನ್ನ ಒಲೆ ತೆಗೆಸಿಬಿಟ್ಲು ಕಣೇ. ಯಾಕೆ ಅಂತ ಕೇಳೋಕೆ ಹೆದರಿಕೆ. ನೀನಾದ್ರೂ ಹೇಳ್ತೀಯಾ ಅವ್ಳಿಗೆ?”

ಹೇಳುತ್ತೇನೆ ಎಂದೆ.

ಕೊನೆಯವರೆಗೂ ಅವಳು ಹಾಗೇ ಅಂದುಕೊಂಡಿದ್ದಳು. ಒಲೆ ತೆಗೆಸಿದ್ದು ನಾನು, ನೀನು ಬಂದು ಸರಿಮಾಡುತ್ತೀಯ ಎಂದು. ಅಕ್ಕನ ಕೆಲಸ ಅದು ಎನ್ನಬಹುದಿತ್ತು, ನೂರು ಸಲ ಬಾಯಿಯವರೆಗೆ ಬಂದಿತ್ತು. ಹೇಳಲಿಲ್ಲ. ನಿನ್ನನ್ನು ಉಳಿಸಲು ಅಲ್ಲ. ಅವಳಿಗೆ ಎದುರುನೋಡಲು ಉಳಿದಿದ್ದು ಭಾನುವಾರದ ನಿನ್ನ ಫೋನು ಒಂದೇ, ಅದನ್ನೂ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ. ನನಗೆ ನಿನ್ನ ಮೇಲಿದ್ದ ಕೋಪ ಒಲೆಯದ್ದು ಎಂದು ಏಪ್ರಿಲ್‌ನಲ್ಲಿ ಬರೆದೆ. ಅರ್ಧ ನಿಜ. ಉಳಿದರ್ಧ ಇದು. ನಿನ್ನ ಪಾಲಿನ ಬೈಗುಳವನ್ನು ಹದಿನಾರು ತಿಂಗಳು ನಾನು ತಿಂದೆ, ನಿನಗೆ ಅದು ಗೊತ್ತೂ ಇರಲಿಲ್ಲ.

ಈಗ ಗೊತ್ತಾಯಿತು. ಬರೆದ ಮೇಲೆ ಕೈ ಹಗುರಾಗಿದೆ, ಸುಳ್ಳು ಹೇಳುವುದಿಲ್ಲ.

ನನಗೂ ಒಂದು ಕೇಳುವುದಿದೆ. ಆ ಭಾನುವಾರಗಳಲ್ಲಿ ಫೋನನ್ನು ಅಮ್ಮನ ಕೈಗೆ ಕೊಟ್ಟು ನಾನು ಹೊರಗೆ ಹೋಗಿ ಬಟ್ಟೆ ಮಡಿಸುತ್ತಿದ್ದೆ. ಒಳಗೆ ಅವಳು ನಗುವುದು ಕೇಳಿಸುತ್ತಿತ್ತು. ಮಿಕ್ಕ ಆರು ದಿನ ನಗದವಳು ನಿನ್ನ ಜೊತೆ ಬಾಯಿ ತುಂಬ ನಗುತ್ತಿದ್ದಳು. ಯಾಕೆ ಎಂದು ಅವಳನ್ನು ಕೇಳಲು ನನಗೆ ಅಭಿಮಾನ ಅಡ್ಡಬಂತು.

ಏನು ಹೇಳುತ್ತಿದ್ದೆ ನೀನು?

ತಂಗಿ